ಬ್ರೇಕಕ್ಕನಿಗೆ ಹೊಂದುವ ಮಾತ್ರೆ

ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಆ ಎರಡನೆಯ ಬ್ರೇಕಿನ ಮೇಲೆ ಇಪ್ಪತ್ತೆರಡು ವರ್ಷ ಪಾದವಿಟ್ಟು ಕೂತವಳಿಗೆ ಬ್ರೇಕಕ್ಕ ಎಂದು ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಕಲಿಯಲು ಬಂದವರು ಮೊದಲ ವಾರ ಆ ಹೆಸರನ್ನು ಬೆನ್ನ ಹಿಂದೆ ಹೇಳುತ್ತಿದ್ದರು, ಎರಡನೆಯ ವಾರ ಎದುರಿಗೇ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಬೈಯುವುದರಲ್ಲಿ ಅವಳದು ಎತ್ತಿದ ಕೈ. ಕೆಟ್ಟ ಮಾತು ಒಂದೂ ಬರುತ್ತಿರಲಿಲ್ಲ, ಆದರೆ ಬೈಸಿಕೊಂಡವರು ಜನ್ಮದಲ್ಲಿ ಮರೆಯುತ್ತಿರಲಿಲ್ಲ. "ಗೇರು ಅಂದ್ರೆ ನಲ್ಲಿ ಅಲ್ಲ, ಹಂಗೆ ತಿರುಚಬೇಡಿ." "ಕನ್ನಡಿ ಇಟ್ಟಿರೋದು ನಿಮ್ಮ ಮುಖ ನೋಡ್ಕೊಳ್ಳೋಕಲ್ಲ, ಹಿಂದೆ ಬರೋನ ಮುಖ ನೋಡೋಕೆ." ಇಂಥ ಮಾತು ಕೇಳಿ ಕಲಿತವರು ಊರು ತುಂಬ ಕಾರು ಓಡಿಸುತ್ತಿದ್ದರು. ಎಷ್ಟೋ ಜನ ಸಿಗ್ನಲ್ಲಿನಲ್ಲಿ ಅವಳನ್ನು ಕಂಡರೆ ಇಂದಿಗೂ ತಟ್ಟನೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಗಂಡ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಹತ್ತಾರು ಅಂತಸ್ತು ಮೇಲೆ ಕೆಳಗೆ ಓಡಾಡುವ ಆತನಿಗೆ ಕಾರು ಮಾತ್ರ ಬಾರದು. ಮದುವೆಯಾದ ಹೊಸತರಲ್ಲಿ ಬ್ರೇಕಕ್ಕ ಕಲಿಸಲು ಹೋಗಿ, ಮೂರನೆಯ ದಿನಕ್ಕೆ ಇಬ್ಬರಿಗೂ ಮಾತು ಬಿಟ್ಟಿತ್ತು. ಕಾರು ಬೇಕೋ ಸಂಸಾರ ಬೇಕೋ ಎಂಬಲ್ಲಿಗೆ ಬಂದಾಗ ಸಂಸಾರವನ್ನು ಉಳಿಸಿಕೊಂಡರು. ಅವರಿಗೆ ಮಕ್ಕಳಾಗಲಿಲ್ಲ. ಒಂಬತ್ತು ವರ್ಷ ಕಿರಿಯಳಾದ ತಂಗಿಯೊಬ್ಬಳಿದ್ದಳು. ಅಮ್ಮ ಬೇಗ ತೀರಿಕೊಂಡ ಮೇಲೆ ಜಡೆ ಹಾಕಿ, ಪುಸ್ತಕಕ್ಕೆ ರಟ್ಟು ಹೊದಿಸಿ ಶಾಲೆಗೆ ಕಳಿಸಿದ್ದು ಬ್ರೇಕಕ್ಕನೇ. ಆ ತಂಗಿ ಈಗ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ, ಮೂರು ಬಸ್ ಸ್ಟಾಪಿನಾಚೆ ಒಬ್ಬಳೇ ಮನೆ ಮಾಡಿಕೊಂಡಿದ್ದಳು.

ನಲವತ್ತಾರನೆಯ ವಯಸ್ಸಿನಲ್ಲಿ ಬ್ರೇಕಕ್ಕನ ಎಡ ಎದೆಯಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ಒಂದಿಷ್ಟು ವಾರ ವಿಕಿರಣದ ಕರೆಂಟು ಕೊಡಿಸಿಕೊಂಡದ್ದೂ ಆಯಿತು. ಅದಾದ ಮೇಲೆ ದಿನಕ್ಕೊಂದರಂತೆ ಟ್ಯಾಮಾಕ್ಸಿಫೆನ್ ಮಾತ್ರೆ, ಐದು ವರ್ಷ ಬಿಡದೆ ನುಂಗಬೇಕು ಎಂದಿದ್ದರು. ಕಾಯಿಲೆ ಮತ್ತೆ ಬರದಂತೆ ನೋಡಿಕೊಳ್ಳುವ ಮಾತ್ರೆಯಾದ್ದರಿಂದ ಗಂಡ ಅದಕ್ಕೆ ಕಾವಲು ಮಾತ್ರೆ ಎಂದು ಹೆಸರಿಟ್ಟಿದ್ದ. ಬೆಳಿಗ್ಗೆ ಚಹಾದ ಲೋಟ ಕೈಗಿಡುವಾಗ "ಕಾವಲು ಆಯ್ತಾ?" ಎಂದು ಕೇಳುವುದು ರೂಢಿಯಾಗಿತ್ತು. ಅದನ್ನು ಬಿಟ್ಟರೆ ಆ ಕಾಯಿಲೆಯ ಸುದ್ದಿಯನ್ನು ಅವನು ಎತ್ತುತ್ತಿರಲಿಲ್ಲ, ಬೇರೆಯವರು ಎತ್ತಿದರೆ ಎದ್ದು ಹೋಗುತ್ತಿದ್ದ.

ನಲವತ್ತೆಂಟಕ್ಕೆ ಮುಟ್ಟು ನಿಂತಿತು. ಸೆಖೆ ಶುರುವಾಯಿತು. ಎದೆಯಿಂದ ಕಿವಿಯ ತನಕ ಕಾವು ಏರುವುದು, ಬೆನ್ನೆಲ್ಲ ತೊಯ್ದು ಸೀಟಿಗೆ ಅಂಟಿಕೊಳ್ಳುವುದು, ಮರುಗಳಿಗೆಗೆ ಮೈ ನಡುಗುವುದು. ಕಾವಲು ಮಾತ್ರೆಯಿಂದಲೂ ಇದು ಹೆಚ್ಚಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮೊದಮೊದಲು ಅವಳು ಅದನ್ನೂ ನಗೆಗೆ ಹಾಕುತ್ತಿದ್ದಳು. "ಇಂಜಿನ್ ಬಿಸಿಯಾಗಿದೆ, ಐದು ನಿಮಿಷ ಪಕ್ಕಕ್ಕೆ ಹಾಕಿ" ಎಂದು ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಲೈಸೆನ್ಸಿನ ಅರ್ಜಿಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಳು.

ಆ ನಗೆ ಯಾವತ್ತು ನಿಂತಿತೋ ಅವಳಿಗೇ ಗೊತ್ತಾಗಲಿಲ್ಲ. ಅಳು ಬರುತ್ತಿತ್ತು ಎಂದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು, ಅಳುವೂ ಬರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗಿ ಚಾವಣಿ ನೋಡುತ್ತಾ ಮಲಗಿರುತ್ತಿದ್ದಳು. ತಲೆ ಬಾಚುವುದು ಗುಡ್ಡ ಹತ್ತುವ ಕೆಲಸದಂತೆ ಕಾಣುತ್ತಿತ್ತು. ಊಟ ಮಾಡುತ್ತಿದ್ದಳು, ಏನು ಉಂಡೆ ಎಂದು ಕೇಳಿದರೆ ನೆನಪಿರುತ್ತಿರಲಿಲ್ಲ. ಬೈಯುವುದು ನಿಂತೇಹೋಯಿತು. ಕಲಿಯುವವರಿಗೆ ಮೊದಲು ಅದು ಖುಷಿಯ ಸಂಗತಿಯಾಗಿತ್ತು. ಬ್ರೇಕಕ್ಕ ಸಾಧು ಆಗಿಬಿಟ್ಟಿದ್ದಾರೆ ಎಂದು ಮಾತಾಡಿಕೊಂಡರು.

ಅವಳ ಹತ್ತಿರ ಕಲಿಯುತ್ತಿದ್ದವರಲ್ಲಿ ಒಬ್ಬ ತರಕಾರಿ ಅಂಗಡಿಯಾಕೆ ಇದ್ದಳು. ಗಂಡ ಸತ್ತ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದವಳು, ಬೆಳಗಿನ ಸಗಟು ಪೇಟೆಗೆ ಸ್ವಂತ ವ್ಯಾನಿನಲ್ಲಿ ಹೋಗಬೇಕೆಂಬ ಹಟಕ್ಕೆ ನಲವತ್ತರಲ್ಲಿ ಸ್ಟೇರಿಂಗ್ ಹಿಡಿದಿದ್ದಳು. ಒಂದು ಮಧ್ಯಾಹ್ನ ಮರದ ಅಡ್ಡೆಯ ಪಕ್ಕದ ರಸ್ತೆಯಿಂದ ದೊಡ್ಡ ರಸ್ತೆಗೆ ತಿರುಗುವಾಗ ಆಕೆ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಬಲಗಡೆಯಿಂದ ಮರದ ದಿಮ್ಮಿ ತುಂಬಿದ ಲಾರಿಯೊಂದು ಬರುತ್ತಿತ್ತು.

ಬ್ರೇಕಕ್ಕ ಲಾರಿಯನ್ನು ನೋಡಿದಳು. ಅದರ ಮುಂದಿನ ಗಾಜಿನಲ್ಲಿದ್ದ ಬಿರುಕು, ಚಾಲಕನ ಹೆಗಲ ಮೇಲಿದ್ದ ಟವೆಲ್ಲು, ಎಲ್ಲ ಕಂಡವು. ಪಾದ ಬ್ರೇಕಿನ ಮೇಲೇ ಇತ್ತು. ಒತ್ತಬೇಕೆಂದು ತಿಳಿದಿತ್ತು. ಒತ್ತಬೇಕು ಎಂದು ಅನ್ನಿಸಲಿಲ್ಲ, ಅಷ್ಟೇ. ಬರುವುದು ಬರಲಿ ಎಂಬಂತೆ ಕೂತಿದ್ದಳು.

ತರಕಾರಿ ಅಂಗಡಿಯಾಕೆಯೇ ಕಿರುಚಿಕೊಂಡು ಬ್ರೇಕು ತುಳಿದಳು. ಕಾರು ಮುಗ್ಗರಿಸಿ ನಿಂತಿತು. ಲಾರಿ ಹಾರನ್ನು ಬಾರಿಸುತ್ತಾ ಎರಡು ಗೇಣು ದೂರದಲ್ಲಿ ಹಾದುಹೋಯಿತು. ತರಕಾರಿಯಾಕೆ ಹ್ಯಾಂಡ್‌ಬ್ರೇಕ್ ಎಳೆದು ಅವಳ ಕಡೆ ತಿರುಗಿ ಹೇಳಿದಳು: "ಅಕ್ಕಾ, ನಿಮಗೆ ಲಾರಿ ಕಾಣಲಿಲ್ಲ ಅಂದಿದ್ರೆ ನಾನು ಸುಮ್ನಿರ್ತಿದ್ದೆ. ನೀವು ಅದನ್ನೇ ನೋಡ್ತಾ ಇದ್ರಿ."

"ಏನೋ ಯೋಚನೆ ಬಂತು."

"ಯೋಚನೆ ಅಲ್ಲ ಅದು. ಓನರ್‌ಗೆ ನಾನು ಹೇಳಲ್ಲ. ಆದ್ರೆ ನೀವು ಯಾರಿಗಾದ್ರೂ ತೋರಿಸ್ಕೊಳ್ಳಿ. ಅಲ್ಲಿ ತನಕ ನಾನು ಕ್ಲಾಸಿಗೆ ಬರಲ್ಲ."

ಆ ಸಂಜೆ ಬ್ರೇಕಕ್ಕ ಮನೆಗೆ ಹೋಗದೆ ತಂಗಿಯ ಮನೆಗೆ ಹೋದಳು. ಗಂಡನಿಗೆ ಹೇಳುವುದು ಹೇಗೆ? ಮೂರು ವರ್ಷದ ಹಿಂದೆ ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೆ ಹಣೆಯಿಟ್ಟು ನಿಂತಿದ್ದ ಆ ಮನುಷ್ಯನಿಗೆ ಮತ್ತೊಂದು ಕಾಯಿಲೆಯ ಹೆಸರು ಹೇಳುವ ಧೈರ್ಯ ಅವಳಿಗಿರಲಿಲ್ಲ. ಡಾಕ್ಟರ ಹತ್ತಿರ ಹೋದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಬೇರೆ. ತಲೆ ಸರಿಯಿಲ್ಲದವಳ ಪಕ್ಕ ಕೂತು ಕಾರು ಕಲಿಯಲು ಯಾರು ಬರುತ್ತಾರೆ?

ತಂಗಿ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಹೋಗಿ ತನ್ನ ಕೈಚೀಲದಿಂದ ಒಂದು ಮಾತ್ರೆಯ ಪಟ್ಟಿಯನ್ನೂ ಅದರ ಡಾಕ್ಟರ ಚೀಟಿಯನ್ನೂ ತಂದು ಅಕ್ಕನ ಮುಂದಿಟ್ಟಳು. ಪ್ಯಾರಾಕ್ಸಿಟಿನ್. ಆರು ವರ್ಷದ ಹಿಂದೆ ಎದೆ ಡವಗುಟ್ಟಿ, ಉಸಿರು ಕಟ್ಟಿ, ಬಸ್ಸು ಹತ್ತಲಾರದಂತಾಗಿದ್ದ ತಂಗಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ ಮಾತ್ರೆ ಅದು.

"ಇದು ನನ್ನ ಜೀವ ಉಳಿಸಿದೆ ಅಕ್ಕಾ. ನಿದ್ದೆನೂ ಬರುತ್ತೆ. ಬೆವರೋದಕ್ಕೂ ಒಳ್ಳೇದಂತೆ, ನಮ್ಮ ಶಾಲೆ ಟೀಚರೊಬ್ಬರಿಗೆ ಡಾಕ್ಟ್ರು ಇದನ್ನೇ ಕೊಟ್ಟಿದ್ದಾರೆ. ದಿನಾ ಒಂದು ತಗೋ. ಯಾರಿಗೂ ಹೇಳೋದು ಬೇಡ."

ತಂಗಿಯ ಮಾತು ಪೂರ್ತಿ ಸುಳ್ಳೇನಲ್ಲ, ಸೆಖೆಗೆಂದು ಆ ಮಾತ್ರೆಯನ್ನು ಕೊಡುವುದುಂಟು. ಬ್ರೇಕಕ್ಕ ಪಟ್ಟಿಯನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಇಟ್ಟುಕೊಂಡಳು. ಬೆಳಿಗ್ಗೆ ಮನೆಯಲ್ಲಿ ಗಂಡನೆದುರು ಕಾವಲು ಮಾತ್ರೆ, ಆಮೇಲೆ ಡ್ರೈವಿಂಗ್ ಶಾಲೆಯ ಅಂಗಳದಲ್ಲಿ ಯಾರೂ ಇಲ್ಲದಾಗ ಇದು. ಒಂಬತ್ತು ದಿನ ಹೀಗೆ ನಡೆಯಿತು. ಹೊಟ್ಟೆ ತೊಳಸುತ್ತಿತ್ತು. ನಿದ್ದೆ ಒಂದು ತಾಸು ಹೆಚ್ಚು ಬಂದಂತಾಯಿತು. ಒಳ್ಳೆಯದಾಗುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಹತ್ತನೆಯ ದಿನ ಕಾವಲು ಮಾತ್ರೆ ಮುಗಿದಿತ್ತು. ತಂಗಿ ಕೊಟ್ಟ ಪಟ್ಟಿಯಲ್ಲೂ ಒಂದೇ ಉಳಿದಿತ್ತು. ಎರಡೂ ಚೀಟಿ ಹಿಡಿದು, ಒಂದು ತನ್ನ ಹೆಸರಿನದು, ಇನ್ನೊಂದು ತಂಗಿಯದು, ಅವಳು ಯಾವಾಗಲೂ ಹೋಗುವ ಔಷಧಿ ಅಂಗಡಿಗೆ ಹೋದಳು. ಅಲ್ಲಿ ಫಾರ್ಮಸಿಸ್ಟ್ ಒಬ್ಬರು, ಅರವತ್ತರ ಹತ್ತಿರದ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಚೀಟಿ ಓದದೆ ಒಂದು ಕೆಮ್ಮಿನ ಔಷಧಿಯನ್ನೂ ಕೊಡುವವರಲ್ಲ. ಅವರ ಅಂಗಡಿ ಮುಂದೆ ಸಾಲು ನಿಧಾನ ಎಂದು ಜನ ಗೊಣಗುತ್ತಿದ್ದರು.

ಅವರು ಎರಡು ಚೀಟಿಯನ್ನೂ ಗಾಜಿನ ಮೇಲೆ ಜೋಡಿಸಿಟ್ಟರು. ಓದಿದರು. ಮತ್ತೆ ಓದಿದರು.

"ಎರಡೂ ಒಬ್ಬರಿಗೇನಾ ಅಮ್ಮ?"

ಬ್ರೇಕಕ್ಕನ ಕಿವಿ ಬಿಸಿಯಾಯಿತು. ಸೆಖೆಯೋ ಹೆದರಿಕೆಯೋ ತಿಳಿಯಲಿಲ್ಲ. "ಇಲ್ಲ. ಅದು ನನ್ನ ತಂಗೀದು."

"ಹಾಗಿದ್ರೆ ಸರಿ." ಅವರು ತಿರುಗಿ ಬೀರುವಿನ ಕಡೆ ಹೋದವರು ನಿಂತರು. "ಸುಮ್ನೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟ್ಯಾಮಾಕ್ಸಿಫೆನ್ ನುಂಗಿದ ಕೂಡ್ಲೇ ಕೆಲಸ ಮಾಡಲ್ಲ. ನಮ್ಮ ಲಿವರ್ ಅದನ್ನ ಬೇರೆ ರೂಪಕ್ಕೆ ತಿರುಗಿಸಿದ ಮೇಲೇನೇ ಅದಕ್ಕೆ ಪೂರ್ತಿ ಬಲ ಬರೋದು. ಈ ಪ್ಯಾರಾಕ್ಸಿಟಿನ್ ಆ ಕೆಲಸಕ್ಕೇ ಅಡ್ಡ ನಿಲ್ಲುತ್ತೆ. ಎರಡನ್ನೂ ಒಬ್ಬರೇ ತಗೊಂಡ್ರೆ, ಕ್ಯಾನ್ಸರ್ ಮಾತ್ರೆ ನುಂಗಿದ ಸಮಾಧಾನ ಇರುತ್ತೆ, ಅದರ ಬಲ ಅಷ್ಟು ಸಿಗಲ್ಲ. ನಿಮ್ಮ ಮನೇಲಿ ಮಾತ್ರೆ ಅದಲು ಬದಲು ಆಗದ ಹಾಗೆ ನೋಡ್ಕೊಳ್ಳಿ."

ಎರಡು ಪೊಟ್ಟಣ ಹಿಡಿದು ಅವಳು ಹೊರಗೆ ಬಂದು ಕಾರಿನಲ್ಲಿ ಕೂತಳು. ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಒಂಬತ್ತು ದಿನ. ಒಂಬತ್ತು ಬೆಳಿಗ್ಗೆ ಗಂಡ "ಕಾವಲು ಆಯ್ತಾ?" ಎಂದಿದ್ದ, ಅವಳು "ಹೂಂ" ಎಂದಿದ್ದಳು. ಎದೆಯ ಗಾಯದ ಗೆರೆ ಬಟ್ಟೆಯೊಳಗೆ ಚುರುಗುಟ್ಟಿದಂತಾಯಿತು. ಎಷ್ಟೋ ತಿಂಗಳಿಂದ ಯಾವುದಕ್ಕೂ ಮಿಸುಕದಿದ್ದ ಒಳಗಿನ ಜೀವ ಆಗ ಮಿಸುಕಿತು. ಅದು ಭಯ. ಸಾಯುವ ಭಯ. ಲಾರಿಯ ಮುಂದೆ ಬಾರದಿದ್ದದ್ದು ಔಷಧಿ ಅಂಗಡಿಯ ಮುಂದೆ ಬಂದಿತ್ತು.

ಇಳಿದು ಮತ್ತೆ ಅಂಗಡಿಗೆ ಹೋದಳು. ಸಾಲಿನಲ್ಲಿ ಮೂವರಿದ್ದರು. ತನ್ನ ಸರದಿ ಬರುವ ತನಕ ನಿಂತಳು.

"ಎರಡೂ ನಾನೇ ತಗೊಳ್ತಿರೋದು," ಎಂದಳು. "ಒಂಬತ್ತು ದಿನ ಆಯ್ತು. ಇವತ್ತಿಂದೂ ಸೇರಿದ್ರೆ ಹತ್ತಾಗುತ್ತೆ. ಇವತ್ತಿಂದು ಇನ್ನೂ ತಗೊಂಡಿಲ್ಲ."

ಫಾರ್ಮಸಿಸ್ಟ್ ಬೈಯಲಿಲ್ಲ. ಕೌಂಟರಿನ ಹಲಗೆ ಎತ್ತಿ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಆಪರೇಷನ್ ಆದ ಆಸ್ಪತ್ರೆಗೆ ತಾವೇ ಫೋನು ಮಾಡಿ, ಅಲ್ಲಿನ ಮನೋವೈದ್ಯೆಯ ಹತ್ತಿರ ಮಾರನೆಯ ಬೆಳಿಗ್ಗೆಗೆ ಸಮಯ ಕೇಳಿದರು. "ಇದನ್ನ ತಗೋಬೇಡಿ, ಅದನ್ನ ಬಿಡಬೇಡಿ," ಎಂದು ಪೊಟ್ಟಣ ತೋರಿಸಿ ಹೇಳಿದರು. "ಮತ್ತೆ ಮನೆಯವರನ್ನ ಕರ್ಕೊಂಡು ಹೋಗಿ. ಒಬ್ರೇ ಹೋಗಬೇಡಿ."

ಗಂಡನಿಗೆ ಹೇಳುವಾಗ ಅವನು ನಲ್ಲಿಯ ವಾಷರ್ ಬದಲಿಸುತ್ತಿದ್ದ. ಕೇಳುತ್ತಾ ಕೇಳುತ್ತಾ ಸ್ಪಾನರನ್ನು ಬಿಗಿ ಹಿಡಿದು ಕೂತುಬಿಟ್ಟ.

"ಮತ್ತೆ ಅದೇ ಆಸ್ಪತ್ರೆನಾ?" ಅಂದ.

"ಅದೇ. ಆದ್ರೆ ಬೇರೆ ಡಾಕ್ಟ್ರು."

"ನಾನು ದಿನಾ ಕೇಳ್ತಿದ್ನಲ್ಲೇ. ಕಾವಲು ಆಯ್ತಾ ಅಂತ."

"ರೀ, ನೀವು ಅದೊಂದನ್ನೇ ಕೇಳ್ತಿದ್ರಿ."

ಅವನು ಮುಖ ಎತ್ತಿ ನೋಡಿದ. ನಲ್ಲಿಯ ಕೆಲಸ ಅರ್ಧಕ್ಕೇ ನಿಂತಿತು.

ಮನೋವೈದ್ಯೆ ನಡುವಯಸ್ಸಿನವರು, ಮೆಲುದನಿ. ಬ್ರೇಕಕ್ಕನ ದಪ್ಪ ಫೈಲನ್ನು ಮೊದಲ ಹಾಳೆಯಿಂದ ತಿರುವಿದರು. ರಕ್ತದೊತ್ತಡ ನೋಡಿದರು, ನೂರಾ ಮೂವತ್ತಾರು ಇತ್ತು. ನಿದ್ದೆ, ಹಸಿವು, ಸೆಖೆ, ಲಾರಿಯ ಸುದ್ದಿ ಎಲ್ಲ ಕೇಳಿದ ಮೇಲೆ, ಪೆನ್ನು ಕೆಳಗಿಟ್ಟು ಕೇಳಿದರು: "ಲಾರಿ ಬಂದಾಗ, ಸಾಯಬೇಕು ಅನ್ನಿಸಿತ್ತಾ?"

ಪಕ್ಕದ ಕುರ್ಚಿಯಲ್ಲಿ ಗಂಡ ಇದ್ದ. ಲಾರಿಯ ವಿಷಯವನ್ನು ಅವಳು ಅವನಿಗೆ ಮೇಲೆ ಮೇಲೆ ಹೇಳಿದ್ದಳಷ್ಟೇ.

"ಸಾಯಬೇಕು ಅಂತ ಇರಲಿಲ್ಲ," ಎಂದಳು ಬ್ರೇಕಕ್ಕ. "ತಪ್ಪಿಸ್ಕೋಬೇಕು ಅಂತಾನೂ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಜೀವ ಕೂತಿದೆ ಅನ್ನೋದೂ ತಲೆಗೆ ಬರಲಿಲ್ಲ. ಅದನ್ನೇ ನನಗೆ ಈಗ ನೆನೆಸ್ಕೊಂಡ್ರೆ ತಡ್ಕೊಳ್ಳೋಕೆ ಆಗಲ್ಲ."

ಗಂಡನ ಕುರ್ಚಿ ಒಮ್ಮೆ ಕಿರುಗುಟ್ಟಿತು. ಅವನು ಅವಳ ಕಡೆ ನೋಡಲಿಲ್ಲ, ತನ್ನ ಮೊಣಕಾಲುಗಳನ್ನೇ ನೋಡುತ್ತಿದ್ದ.

ವೈದ್ಯೆ ಕ್ಯಾನ್ಸರ್ ವಿಭಾಗದ ಡಾಕ್ಟರಿಗೆ ಅಲ್ಲಿಂದಲೇ ಫೋನು ಹಚ್ಚಿ ಮಾತಾಡಿದರು. ಆಮೇಲೆ ಇವರ ಕಡೆ ತಿರುಗಿದರು. "ಒಂಬತ್ತು ದಿನಕ್ಕೆ ಹೆದರೋ ಅಗತ್ಯ ಕಾಣಲ್ಲ ಅಂತಿದ್ದಾರೆ ಅವರೂ. ವರ್ಷಗಟ್ಟಲೆ ಆಗಿದ್ದರೆ ಬೇರೆ ಮಾತು. ಇದಕ್ಕೆ ಹೆಸರಿದೆ ಅಮ್ಮ, ಖಿನ್ನತೆ. ಮುಟ್ಟು ನಿಲ್ಲೋ ಕಾಲದಲ್ಲಿ ಬಹಳ ಹೆಂಗಸರಿಗೆ ಬರುತ್ತೆ. ನೀವು ದೊಡ್ಡ ಕಾಯಿಲೆ ದಾಟಿ ಬಂದಿದ್ದೀರಿ, ನಿದ್ದೆ ಬೇರೆ ಇಲ್ಲ. ಈಗ ಯಾವ ಮಾತ್ರೆ ಅನ್ನೋದನ್ನ ಒಟ್ಟಿಗೆ ಕೂತು ನೋಡೋಣ."

"ಪಕ್ಕದ ಮನೆಯವರು ಸೆಖೆಗೆ ಹಾರ್ಮೋನು ಮಾತ್ರೆ ತಗೋತಾರೆ," ಎಂದಳು ಬ್ರೇಕಕ್ಕ.

"ಅವರಿಗೆ ಸರಿ ಇರಬಹುದು. ನಿಮಗಾಗಿದ್ದ ಕ್ಯಾನ್ಸರಿಗೆ ಅದು ಬೇಡ. ತಂಗಿ ಮಾತ್ರೆ ಯಾಕೆ ಬೇಡ ಅಂತ ಗೊತ್ತಾಗಿದೆ. ಇನ್ನೊಂದಿದೆ, ನಿದ್ದೆ ಚೆನ್ನಾಗಿ ಬರ್ಸುತ್ತೆ, ಆದ್ರೆ ಬೆಳಿಗ್ಗೇನೂ ಮಂಪರು ಉಳಿಯಬಹುದು, ತೂಕಾನೂ ಏರಬಹುದು. ನಿಮ್ಮ ಕೆಲಸ ಏನಂದ್ರಿ?"

"ಕಾರು ಕಲಿಸೋದು."

"ಹಾಗಾದ್ರೆ ಅದು ಮೊದಲ ಆಯ್ಕೆ ಅಲ್ಲ. ಉಳಿದದ್ದರಲ್ಲಿ ನಾನು ವೆನ್ಲಾಫ್ಯಾಕ್ಸಿನ್ ಕಡೆ ನೋಡ್ತೀನಿ. ನಿಮ್ಮ ಕ್ಯಾನ್ಸರ್ ಮಾತ್ರೆಗೆ ಅದು ಅಡ್ಡ ಬರೋದು ತೀರಾ ಕಡಿಮೆ. ಸೆಖೆನೂ ಇಳಿಸುತ್ತೆ. ಆದ್ರೆ ಬಿ.ಪಿ. ಏರಿಸಬಹುದು, ನಿಮ್ಮದು ಈಗ್ಲೇ ಅಂಚಲ್ಲಿದೆ. ಅದಕ್ಕೆ ಸಣ್ಣ ಡೋಸಲ್ಲಿ ಶುರು ಮಾಡಿ, ವಾರಕ್ಕೆ ಎರಡು ಸಲ ಬಿ.ಪಿ. ನೋಡೋಣ."

"ಯಾವಾಗ ಸರಿ ಹೋಗ್ತೀನಿ?"

"ಎರಡು ವಾರಕ್ಕೆ ಸ್ವಲ್ಪ ಗೊತ್ತಾಗಬಹುದು, ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುತ್ತೆ, ಮನಸ್ಸು ಇನ್ನೂ ತಳಮಳ ಅನ್ನಿಸಬಹುದು. ಆಗ ಬಿಟ್ಟುಬಿಡಬೇಡಿ, ನನಗೆ ಹೇಳಿ. ಸಾಯೋ ಯೋಚನೆ ಹತ್ತಿರ ಸುಳಿದ್ರೂ ಮುಂದಿನ ಭೇಟಿ ತನಕ ಕಾಯಬೇಡಿ, ಆಗಿಂದಾಗ್ಲೇ ಫೋನ್ ಮಾಡಿ, ಇಲ್ಲ ನೇರ ಬನ್ನಿ. ಮಾತ್ರೆ ಜೊತೆ ವಾರಕ್ಕೊಮ್ಮೆ ಇಲ್ಲಿನ ಕೌನ್ಸೆಲರ್ ಹತ್ರ ಮಾತಾಡಿ. ನಾನು ಹೇಳೋ ತನಕ ಕಾರು ಬೇಡ."

ಗಂಡ ಮೊದಲ ಸಲ ಬಾಯಿ ಬಿಟ್ಟ. "ಡಾಕ್ಟ್ರೇ, ನಾನೇನು ಮಾಡ್ಲಿ?"

"ಜೊತೆಗಿರಿ. ಮಾತ್ರೆ ಆಯ್ತಾ ಅಂತ ಕೇಳೋದು ಸರಿ, ಹೇಗಿದೀಯ ಅಂತಾನೂ ಕೇಳಿ. ಅವರು ಏನಂದ್ರೂ ಎದ್ದು ಹೋಗಬೇಡಿ."

ಡ್ರೈವಿಂಗ್ ಶಾಲೆಯ ಯಜಮಾನನಿಗೆ ಬ್ರೇಕಕ್ಕ ಎಲ್ಲವನ್ನೂ ಹೇಳಿದಳು, ಲಾರಿಯದ್ದನ್ನೂ ಬಿಡಲಿಲ್ಲ. ಕೆಲಸ ಹೋಯಿತೆಂದೇ ತಿಳಿದಿದ್ದಳು. ಆತ ಅವಳ ಕಾರಿನ ಕೀಲಿಯನ್ನು ತೆಗೆದುಕೊಂಡು ಹಲಗೆಗೆ ತೂಗುಹಾಕಿದ. "ನನಗೆ ಈಗ ಹೇಳಿದ್ದಕ್ಕೆ ಉಳ್ಕೊಂಡ್ರಿ. ಬೇರೆ ಯಾರಿಂದಾದ್ರೂ ಕೇಳಿದ್ರೆ ಉಳಿಸ್ತಿರಲಿಲ್ಲ," ಎಂದ. ಡಾಕ್ಟರ ಚೀಟಿ ಬರುವ ತನಕ ಒಳಗೆ ಕೂತು ರಸ್ತೆ ನಿಯಮದ ಪಾಠ ಹೇಳಬೇಕೆಂದು ತೀರ್ಮಾನವಾಯಿತು.

ಮೊದಲ ವಾರ ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಮಾತ್ರೆ ನುಂಗಿ ಅರ್ಧ ಗಂಟೆಗೆ ಹೊಟ್ಟೆಯಲ್ಲಿ ಕಡಗೋಲು ತಿರುಗಿದಂತೆ ಆಗುತ್ತಿತ್ತು. ಕೈಬೆರಳು ಸುಮ್ಮನಿರುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ಚಿಹ್ನೆಗಳ ಪಟ ತೋರಿಸಿ ಪಾಠ ಹೇಳುವಾಗ ಕೋಲು ನಡುಗುತ್ತಿತ್ತು. ಬಿ.ಪಿ. ನೂರಾ ನಲವತ್ತೆರಡಕ್ಕೆ ಏರಿತು, ವೈದ್ಯೆ ಡೋಸು ಹೆಚ್ಚಿಸುವುದನ್ನು ಮುಂದೆ ಹಾಕಿದರು. ಎಂಟನೆಯ ಬೆಳಿಗ್ಗೆ ಅವಳು ಡಬ್ಬಿಯನ್ನು ಮೇಜಿನ ಆಚೆಗೆ ತಳ್ಳಿ, "ನನ್ನ ಕೈಲಿ ಆಗಲ್ಲ. ಮೊದಲಿದ್ದ ಮಂಕೇ ವಾಸಿ," ಎಂದಳು.

ಗಂಡ ಎದ್ದು ಹೋಗಲಿಲ್ಲ. ಡಬ್ಬಿಯನ್ನು ಮತ್ತೆ ಅವಳ ಮುಂದೆ ತಳ್ಳಲೂ ಇಲ್ಲ. ಎದುರಿಗೆ ಕೂತು, "ಹೇಗಿದೆ ಹೇಳು," ಎಂದ. ಅವಳು ಹೇಳಿದಳು. ಅವನು ಕೆಲಸಕ್ಕೆ ತಡವಾಗಿ ಹೋದ. ಅವಳು ವೈದ್ಯೆಗೆ ಫೋನು ಮಾಡಿದಳು. ಊಟದ ಜೊತೆಗೆ ತಗೊಳ್ಳಿ, ಇನ್ನು ನಾಲ್ಕು ದಿನ ನೋಡಿ ಎಂದರು. ಅವತ್ತಿನ ಮಾತ್ರೆಯನ್ನು ಮಧ್ಯಾಹ್ನ ನುಂಗಿದಳು.

ಆ ನಾಲ್ಕು ದಿನ ಮುಗಿಯುವ ಮೊದಲೇ ತಂಗಿಯ ಶಾಲೆಯಿಂದ ಫೋನು ಬಂತು. ನಿಮ್ಮ ತಂಗಿ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ ಎಂದರು. ಔಷಧಿ ಅಂಗಡಿಯಲ್ಲಿ ನಡೆದದ್ದನ್ನು ಬ್ರೇಕಕ್ಕ ತಂಗಿಗೆ ಅಂದೇ ಹೇಳಿದ್ದಳು. ತಂಗಿ ಆಗ ಒಂದು ಮಾತೂ ಆಡದೆ ಫೋನು ಇಟ್ಟಿದ್ದಳು. ಆಮೇಲೆ ತನ್ನದೇ ಸಂಕಟದಲ್ಲಿ ಬ್ರೇಕಕ್ಕ ಅತ್ತ ಗಮನ ಕೊಟ್ಟಿರಲಿಲ್ಲ.

ಕಾರು ಓಡಿಸುವಂತಿರಲಿಲ್ಲ. ಮೂರು ಸ್ಟಾಪು ಬಸ್ಸಿನಲ್ಲಿ ನಿಂತೇ ಹೋದಳು. ಆ ಬಸ್ಸು ಅಷ್ಟು ನಿಧಾನ ಎಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ. ಬಾಗಿಲು ತಟ್ಟಿದಳು. ಒಳಗೆ ಏನೋ ಬಿದ್ದ ಸದ್ದಾಯಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೀಲಿ ತಿರುಗಿದಾಗ ತಂಗಿ ಗೋಡೆ ಹಿಡಿದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ತಲೆ ತಿರುಗುತ್ತೆ ಅಕ್ಕಾ. ಕಣ್ಣು ಹೊರಳಿಸಿದ್ರೆ ತಲೆ ಒಳಗೆ ಕರೆಂಟು ಹೊಡೆದ ಹಾಗಾಗುತ್ತೆ."

"ಮಾತ್ರೆ?"

ತಂಗಿ ಅಡುಗೆಮನೆಯ ಕಡೆ ಕೈ ತೋರಿಸಿದಳು. ಬ್ರೇಕಕ್ಕ ಹೋಗಿ ನೋಡಿದಳು. ಕಸದ ಬುಟ್ಟಿಯಲ್ಲಿ ಮಾತ್ರೆಯ ಪಟ್ಟಿಗಳು ಬಿದ್ದಿದ್ದವು, ಒಂದೂ ಬಿಚ್ಚಿರಲಿಲ್ಲ.

"ಎಷ್ಟು ದಿನ ಆಯ್ತು ಬಿಟ್ಟು?"

"ಐದು. ಅದಕ್ಕೂ ಮುಂಚೆ ಹೇಗೋ ನುಂಗ್ತಿದ್ದೆ." ತಂಗಿ ನೆಲದ ಮೇಲೇ ಕೂತಳು. "ನಿನ್ನನ್ನ ನಾನೇ ಕೊಲ್ತಿದ್ದೆ ಅಕ್ಕಾ. ಜಡೆ ಹಾಕಿ ಸಾಕಿದವಳಿಗೆ ನಾನು ವಿಷ ಕೊಟ್ಟೆ. ಆ ಮಾತ್ರೆ ನೋಡಿದ್ರೆ ನುಂಗೋಕಾಗಲ್ಲ."

ಬ್ರೇಕಕ್ಕ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವಳ ಕೈ ಹಿಡಿದುಕೊಂಡಳು. ತಿಂಗಳುಗಳಿಂದ ಬಾರದಿದ್ದ ಸಿಟ್ಟು ಆಗ ಅವಳಿಗೆ ಬಂತು.

"ನಿನ್ನ ತಲೆ. ವಿಷ ಅಂತೆ ವಿಷ. ಆರು ವರ್ಷ ನಿನ್ನನ್ನ ಬಸ್ಸು ಹತ್ತಿಸಿದ್ದು ಅದೇ ಅಲ್ವೇನೇ? ನಿನಗೆ ಹೊಂದಿದ್ದು ನನಗೆ ಹೊಂದಲಿಲ್ಲ, ಅಷ್ಟೇ. ನನ್ನ ಕನ್ನಡಕ ಹಾಕ್ಕೊಂಡು ನೀನು ನಡೆದ್ರೆ ಚರಂಡಿಗೆ ಬೀಳ್ತೀಯ, ಅದಕ್ಕೆ ಕನ್ನಡಕ ಒಡೆದು ಹಾಕ್ತಾರಾ? ಕೇಳದೆ ಕೊಟ್ಟಿದ್ದು ನಿನ್ನ ತಪ್ಪು. ಕೇಳದೆ ನುಂಗಿದ್ದು ನನ್ನ ತಪ್ಪು. ಸಮ ಆಯ್ತು. ಈಗ ನಿನ್ನ ಡಾಕ್ಟ್ರ ನಂಬರ್ ಕೊಡು."

ತಂಗಿಯ ಡಾಕ್ಟರು ಫೋನಿನಲ್ಲಿ ಗದರಿದರು. ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ಹೀಗೆ ಒಮ್ಮೆಲೇ ನಿಲ್ಲಿಸಬಾರದು, ಅದರಿಂದಲೇ ಈ ತಲೆಸುತ್ತು, ಇವತ್ತೇ ಮತ್ತೆ ಶುರುಮಾಡಿ ನಾಳೆ ಬಂದು ಕಾಣಿ ಎಂದರು. ಬ್ರೇಕಕ್ಕ ಬುಟ್ಟಿಯಿಂದ ಪಟ್ಟಿ ತೆಗೆದು ಒರೆಸಿ, ಒಂದು ಮಾತ್ರೆಯನ್ನು ತಂಗಿಯ ಅಂಗೈಗೆ ಹಾಕಿದಳು. ಆ ದಿನದ ತನ್ನ ಮಾತ್ರೆಯೂ ಚೀಲದಲ್ಲಿತ್ತು. ಬ್ರೆಡ್ಡು ಸುಟ್ಟು, ಇಬ್ಬರೂ ತಿಂದು, ಅವರವರ ಮಾತ್ರೆಯನ್ನು ಅವರವರು ನುಂಗಿದರು. ತಂಗಿ ಎರಡು ದಿನದಲ್ಲಿ ಎದ್ದು ಓಡಾಡುವಂತಾದಳು.

ಬ್ರೇಕಕ್ಕನದು ಅಷ್ಟು ಬೇಗ ಆಗಲಿಲ್ಲ. ಮೂರನೆಯ ವಾರ ಹೊಟ್ಟೆ ತೊಳಸುವುದು ನಿಂತಿತು. ನಾಲ್ಕನೆಯ ವಾರ ಸೆಖೆ ದಿನಕ್ಕೆ ಹತ್ತು ಸಲ ಬರುತ್ತಿದ್ದದ್ದು ನಾಲ್ಕು ಸಲಕ್ಕೆ ಇಳಿಯಿತು. ಮನಸ್ಸು ಮಾತ್ರ ಒಂದು ದಿನ ತಿಳಿಯಾಗಿ, ಎರಡು ದಿನ ಮತ್ತೆ ಕದಡುತ್ತಿತ್ತು. ಬಿ.ಪಿ. ಒಂದು ಕಡೆ ನಿಲ್ಲದೆ, ಅದಕ್ಕೂ ಒಂದು ಸಣ್ಣ ಮಾತ್ರೆ ಸೇರಿತು. ಆಮೇಲೆ ಡೋಸು ಒಂದು ಮೆಟ್ಟಿಲು ಏರಿಸಿದರು. ಕೌನ್ಸೆಲರ್ ಹತ್ತಿರ ಮೊದಲ ಮೂರು ವಾರ ಗಡಿಯಾರ ನೋಡುತ್ತಾ ಕೂತಿದ್ದವಳು, ನಾಲ್ಕನೆಯ ಸಲ ಆಪರೇಷನ್ನಿನ ಮಾತು ಬಂದಾಗ ಮುಕ್ಕಾಲು ಗಂಟೆ ಅತ್ತಳು. ಆ ಎದೆಗಾಗಿ ಅವಳು ಅಲ್ಲಿಯ ತನಕ ಅತ್ತಿರಲೇ ಇಲ್ಲ. ಗಂಡ ಎದ್ದು ಹೋಗುತ್ತಾನೆಂದು ಅವಳೂ ನುಂಗಿಕೊಂಡಿದ್ದಳು.

ಏಳನೆಯ ವಾರ ವೈದ್ಯೆ ಕಾರಿಗೆ ಒಪ್ಪಿಗೆ ಕೊಟ್ಟರು. ಮೊದಲು ಯಜಮಾನನೇ ಪಕ್ಕದಲ್ಲಿ ಕೂತು ಮೂರು ದಿನ ಪರೀಕ್ಷಿಸಿದ. ತರಕಾರಿ ಅಂಗಡಿಯಾಕೆ ಅದುವರೆಗೆ ಕಾದಿದ್ದಳು, ಬೇರೆ ಯಾರ ಹತ್ತಿರವೂ ಕಲಿಯಲು ಒಪ್ಪಿರಲಿಲ್ಲ. ಎರಡು ತಿಂಗಳಲ್ಲಿ ಲೈಸೆನ್ಸು ಪಡೆದು, ವ್ಯಾನು ತೆಗೆದುಕೊಂಡು ಸಗಟು ಪೇಟೆಗೆ ಹೋಗತೊಡಗಿದಳು. ಔಷಧಿ ಅಂಗಡಿಯ ಫಾರ್ಮಸಿಸ್ಟ್ ಒಂದು ದಿನ ಬಂದು, ಈ ವಯಸ್ಸಿಗೆ ನನಗೂ ಕಲಿಸ್ತೀರಾ ಎಂದು ಕೇಳಿದರು. ಅವರ ಅಂಗಡಿಯ ಸಾಲಿನಂತೆಯೇ ಅವರ ಕಾರೂ ನಿಧಾನ. ಗಂಟೆಗೆ ಹದಿನೈದು ಕಿಲೋಮೀಟರು ದಾಟುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಎದೆಯ ವಾರ್ಷಿಕ ತಪಾಸಣೆ ಬಂತು. ಫಲಿತಾಂಶಕ್ಕೆ ಕಾಯುವ ಎರಡು ದಿನ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಏನೂ ಇಲ್ಲ ಎಂದು ಬರೆದು ಬಂತು. ಅದೇ ದಿನ ಮನೋವೈದ್ಯೆಯ ಹತ್ತಿರವೂ ಹೋಗಬೇಕಿತ್ತು.

"ಈಗ ಚೆನ್ನಾಗಿದ್ದೀನಿ. ಬಿಡಬಹುದಾ?" ಎಂದು ಬ್ರೇಕಕ್ಕ ಕೇಳಿದಳು.

"ಚೆನ್ನಾಗಿರೋದು ಅದರಿಂದ್ಲೂ ಹೌದಲ್ವಾ? ಇನ್ನೂ ಆರು ತಿಂಗಳು ಇರಲಿ. ಆಮೇಲೆ ಸ್ವಲ್ಪ ಸ್ವಲ್ಪ ಇಳಿಸೋಣ. ಇಳಿಸುವಾಗ ಮತ್ತೆ ಮಂಕು ಬಂದ್ರೆ ಮತ್ತೆ ಏರಿಸೋಣ. ಅದರಲ್ಲಿ ಸೋಲು ಗೆಲುವು ಇಲ್ಲ."

"ಮತ್ತೆ ಬರಬಹುದಾ?"

"ಬರಬಹುದು. ಬಂದ್ರೆ ಈ ಸಲ ಬೇಗ ಗುರುತು ಹಿಡಿತೀರಿ."

ಅವಳಿಗೆ ಆ ಉತ್ತರ ಪೂರ್ತಿ ಹಿಡಿಸಲಿಲ್ಲ, ಆದರೆ ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವಾಯಿತು. ಚೀಟಿ ತೆಗೆದುಕೊಂಡು ಹೊರಗೆ ಬಂದಳು. ಮೂರೂವರೆ ವರ್ಷದಲ್ಲಿ ಎಷ್ಟು ಸಲ ಬಂದಿದ್ದರೂ ಆ ಆಸ್ಪತ್ರೆಯ ಕ್ಯಾಂಟೀನಿಗೆ ಅವರು ಕಾಲಿಟ್ಟಿರಲಿಲ್ಲ, ಕೆಲಸ ಮುಗಿದರೆ ಸಾಕು ಎಂದು ಓಡುತ್ತಿದ್ದರು. ಅಂದು ಗಂಡನೇ ಕೂರೋಣ ಎಂದ. ಕಿಟಕಿಯ ಪಕ್ಕ ಕೂತರು. ಚಹಾ ಬರಿಯ ಬಿಸಿನೀರಿನಂತಿತ್ತು. ಬ್ರೇಕಕ್ಕ ಒಂದು ಗುಟುಕು ಕುಡಿದು ಮುಖ ಕಿವುಚಿದಳು, ಗಂಡ ಇನ್ನೊಂದು ಲೋಟ ತರಲೇ ಎಂದು ಕೇಳಿದ. "ತನ್ನಿ, ಇನ್ನೂ ಸ್ವಲ್ಪ ಹೊತ್ತು ಕೂರೋಣ," ಎಂದಳು ಅವಳು.